ಬಖ್ಮಲಕ್ಕ ಆರಿಸಿದ ಅಕ್ಕಿ

ಬಖ್ಮಲಕ್ಕನ ಮುತ್ತಾತ ಹಿಜ್ಕಿಯೊ ರೇಷ್ಮೆಗೆ ನೀಲಿ ಅದ್ದುವವನು. ಅಮೀರರು ಆಳುತ್ತಿದ್ದ ಕಾಲದ ಬುಖಾರಾದಲ್ಲಿ ಆ ಕೆಲಸ ನಮ್ಮ ಯಹೂದಿ ಕೇರಿಯವರದೇ. ಮೊಳಕೈವರೆಗೆ ನೀಲಿಗಟ್ಟಿದ ಅವನ ಕೈ ಕಂಡರೆ ಪೇಟೆಯವರು ಹತ್ತು ಮಾರು ದೂರದಿಂದಲೇ ಗುರುತು ಹಿಡಿಯುತ್ತಿದ್ದರಂತೆ. ನಮ್ಮವರು ಊರೊಳಗೆ ಕುದುರೆ ಏರುವಂತಿರಲಿಲ್ಲ, ಸೊಂಟಕ್ಕೆ ಹಗ್ಗವಲ್ಲದೆ ಬೇರೇನನ್ನೂ ಕಟ್ಟುವಂತಿರಲಿಲ್ಲ. ಹಿಜ್ಕಿಯೊ ಆ ಹಗ್ಗವನ್ನೇ ನೀಲಿಗೆ ಅದ್ದಿ, ನೆರಳಲ್ಲಿ ಒಣಗಿಸಿ, ಎಣ್ಣೆಗೈಯಲ್ಲಿ ತೀಡಿ, ರೇಷ್ಮೆಯ ಹಾಗೆ ಮಿರಮಿರ ಮಿಂಚಿಸಿ ಕಟ್ಟಿಕೊಂಡು ನಡುಪೇಟೆಯಲ್ಲಿ ನಡೆದ. ಕಾವಲಿನವನು ತಡೆದ. "ಹಗ್ಗವೇ ತಾನೆ ಸ್ವಾಮಿ? ಬೇಕಾದ್ರೆ ಬಾವಿಗೆ ಬಿಟ್ಟು ನೀರು ಸೇದಿ ತೋರಿಸ್ತೀನಿ" ಎಂದ. ಸೇದಿಯೂ ತೋರಿಸಿದ. ಕಾವಲಿನವನು ಆ ನೀರನ್ನೇ ಕುಡಿದು ದಾರಿ ಬಿಟ್ಟನಂತೆ.

ಹಿಜ್ಕಿಯೊನ ಮಗಳು ಫ್ರೆಹೊ, ಬಖ್ಮಲಕ್ಕನ ಅಜ್ಜಿ. ದೇವರೇ ಇಲ್ಲವೆನ್ನುವ ಹೊಸ ಸರಕಾರ ಬಂದು ನಮ್ಮ ಕೇರಿಯ ಪ್ರಾರ್ಥನಾಮಂದಿರಕ್ಕೆ ಬೀಗ ಜಡಿದು ಹತ್ತಿಯ ಮೂಟೆ ತುಂಬಿದಾಗ, ಪೆಸಾಖ್ ಹಬ್ಬದ ಅಕ್ಕಿಯನ್ನು ಇಡೀ ಕೇರಿಗೆ ಆರಿಸಿಕೊಟ್ಟವಳು ಅವಳೇ. ಮನೆಯ ಕೆಳಗಿನ ನೆಲಮಾಳಿಗೆಯಲ್ಲಿ ಬಟ್ಟೆ ಹಾಸಿ, ಗಾಳಿಕಂಡಿಗೆ ದಿಂಬು ತುರುಕಿ, ದೀಪವನ್ನೂ ಹಚ್ಚದೆ ಕುಳಿತಿದ್ದಳು. ದೀಪವಿಲ್ಲದೆ ಹೇಗೆ ಆರಿಸಿದಳೋ ಆ ದೇವರಿಗೇ ಗೊತ್ತು ಎಂದು ಕೇರಿಯವರು ಇವತ್ತಿಗೂ ಹೇಳುವುದುಂಟು.

ಫ್ರೆಹೊಳ ಮಗಳು ಇಸ್ತಾಮ್ ಹಬ್ಬದ ಹುಳಿಯಿಲ್ಲದ ರೊಟ್ಟಿಯನ್ನು ಅಂಗಳದ ಒಲೆಯಲ್ಲೇ ಸುಡುತ್ತಿದ್ದಳು. ಹೊಗೆ ಕಂಡು ಒಬ್ಬ ಅಧಿಕಾರಿ ಒಳಗೆ ಬಂದ. "ಏನಿದು?" ಎಂದ. "ಮಗಳ ಮದುವೆ" ಎಂದಳು ಇಸ್ತಾಮ್. "ಎಲ್ಲಿ ಮದುಮಗಳು?" ಎಂದರೆ, ಮೂಗು ಸೋರಿಸಿಕೊಂಡು ನಿಂತಿದ್ದ ಆರು ವರ್ಷದ ಬಖ್ಮಲ್‌ಳನ್ನು ಮುಂದಕ್ಕೆ ನೂಕಿದಳು. ಆ ಮನುಷ್ಯ ಹೊಟ್ಟೆ ಹಿಡಿದು ನಕ್ಕು, ಎರಡು ರೊಟ್ಟಿ ಮುರಿದು ತಿಂದು ಹೋದ. ಮರುವರ್ಷವೂ ಬಂದ. ಹೀಗೆ ಬಖ್ಮಲಕ್ಕನಿಗೆ ಹದಿನಾರು ತುಂಬುವವರೆಗೆ ಪ್ರತಿ ವಸಂತದಲ್ಲೂ ಮದುವೆಯಾಯಿತು. ನಿಜವಾದ ಮದುವೆ ಗಡಿಯಾರ ರಿಪೇರಿಯ ನೆಕಾದಮ್‌ನ ಜೊತೆ ಆದಾಗ, "ಹನ್ನೊಂದನೇ ಗಂಡ ಕಣೆ ಇವನು, ಇವನೊಬ್ಬ ಹೋಗಲಿಲ್ಲ" ಎಂದು ಬಖ್ಮಲಕ್ಕ ಗೆಳತಿಯಾದ ನನ್ನ ಕಿವಿಯಲ್ಲಿ ಹೇಳಿದಳು. ಅವನು ಹೋಗಿ ಈಗ ಹದಿನಾಲ್ಕು ವರ್ಷ.

ಇಂಥ ವಂಶದವಳು ನಮ್ಮ ಬಖ್ಮಲಕ್ಕ. ವಯಸ್ಸು ಎಪ್ಪತ್ತೆಂಟು. ಕೇರಿಯಲ್ಲಿ ನಿನ್ನೆ ಹುಟ್ಟಿದವರೂ ಅವಳನ್ನು ಅಕ್ಕ ಎಂದೇ ಕರೆಯಬೇಕು. ಅಜ್ಜಿ ಎಂದರೆ ತಿರುಗಿ ನೋಡುವುದಿಲ್ಲ. ಮೂವತ್ತಾರು ವರ್ಷ ಜರಿ ಕಸೂತಿ ಕಾರ್ಖಾನೆಯಲ್ಲಿ ಮಖಮಲ್ಲಿನ ಮೇಲೆ ಚಿನ್ನದ ದಾರ ಹೊಲಿದಳು. ಸೂಜಿಗೆ ದಾರವನ್ನು ಒಂದೇ ಏಟಿಗೆ ಪೋಣಿಸುವುದನ್ನು ನೋಡಲೆಂದೇ ಹೊಸ ಹುಡುಗಿಯರು ಅವಳ ಮಗ್ಗುಲಲ್ಲಿ ನಿಲ್ಲುತ್ತಿದ್ದರು. ಆದರೆ ಅವಳಿಗೆ ಹೆಸರು ಬಂದದ್ದು ಕಾರ್ಖಾನೆಯಿಂದಲ್ಲ. ನಮ್ಮಲ್ಲಿ ಅವಳು ಮೂರನೆಯ ಕಣ್ಣಿನವಳು.

ಪೆಸಾಖ್ ನಮ್ಮ ಹಿರೀಕರು ಈಜಿಪ್ಟಿನ ಜೀತ ಬಿಟ್ಟು ಹೊರಟ ನೆನಪಿನ ಹಬ್ಬ. ಅದರ ಎಂಟು ದಿನ ಹುಳಿ ಬಂದ ಗೋಧಿಯ ಸೋಂಕು ಮನೆಯಲ್ಲಿರಬಾರದು. ನೀರು ಬಿದ್ದು ಉಬ್ಬಿದ ಒಂದೇ ಒಂದು ಗೋಧಿಕಾಳು ಇಡೀ ಕೊಪ್ಪರಿಗೆಯ ಅಡಿಗೆಯನ್ನು ಕೆಡಿಸುತ್ತದೆ. ನಮ್ಮ ಪೇಟೆಯಲ್ಲಿ ಅಕ್ಕಿಯ ರಾಶಿಯೂ ಗೋಧಿಯ ರಾಶಿಯೂ ಅಕ್ಕತಂಗಿಯರ ಹಾಗೆ ಒತ್ತಿಕೊಂಡು ಕೂತಿರುತ್ತವೆ. ಹಾಗಾಗಿ ಹಬ್ಬದ ಅಕ್ಕಿಯನ್ನು ಮೂರು ಸಲ, ಬೇರೆ ಬೇರೆ ಕಣ್ಣುಗಳು ಆರಿಸಬೇಕು. ಮೊದಲೆರಡು ಸಲ ಯಾರು ಬೇಕಾದರೂ ಆರಿಸಬಹುದು. ಮೂರನೆಯದು ಬಖ್ಮಲಕ್ಕನದು. ಅವಳಿಗಿಂತ ಮುಂಚೆ ಅವಳ ತಾಯಿಯದು, ಅದಕ್ಕಿಂತ ಮುಂಚೆ ಅಜ್ಜಿಯದು. ಅವಳು ಬಿಳಿ ಚೀಲದ ಬಾಯಿಗೆ ಕೆಂಪು ದಾರದ ಹೊಲಿಗೆ ಹಾಕಿದಳೆಂದರೆ ಮುಗಿಯಿತು, ಹಬ್ಬದ ಅಡಿಗೆಯ ಹೊತ್ತಿನವರೆಗೆ ಯಾರೂ ಬಿಚ್ಚುವಂತಿಲ್ಲ. ನಲವತ್ತು ವರ್ಷದಲ್ಲಿ ಆ ಚೀಲದಿಂದ ಒಂದು ಗೋಧಿಕಾಳು ಹೊರಬಂದಿದ್ದಿಲ್ಲ.

ಒಮ್ಮೆ ನ್ಯೂಯಾರ್ಕಿನಿಂದ ಬಂದ ನೆಂಟನೊಬ್ಬ, "ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಅಲ್ಲಿ ಎಷ್ಟೋ ಜನ ಎಂಟು ದಿನ ಅಕ್ಕೀನೇ ಮುಟ್ಟಲ್ಲ, ಆಲೂಗಡ್ಡೆ ತಿಂತಾರೆ" ಎಂದ.

"ಆಲೂಗಡ್ಡೆ ತಿನ್ನೋಕೆ ಈಜಿಪ್ಟು ಬಿಟ್ಟು ಬರಬೇಕಿತ್ತೇನಪ್ಪ?" ಎಂದಳು ಬಖ್ಮಲಕ್ಕ, ತಲೆಯನ್ನೂ ಎತ್ತದೆ.

ಈ ವರ್ಷ ಹಬ್ಬ ಶುಕ್ರವಾರ ಸಂಜೆಗೆ ಬಿದ್ದಿತ್ತು. ಹಿಂದಿನ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಅವಡ್ಯಣ್ಣ ಬೆಂಚಿನ ಮೇಲೆ ನಿಂತು ವಾರದ ಕಾರ್ಯಗಳನ್ನು ಸಾರಿದ. ಈಗ ಮತ್ತೆ ತೆರೆದ ಮಂದಿರದ ಬೀಗದ ಕೈ, ಪ್ರಾರ್ಥನೆಯ ಮುಂದಾಳುತನ, ಕೊಳಾಯಿ ರಿಪೇರಿ ಎಲ್ಲ ಅವನದೇ. ಎಂಬತ್ತೆರಡಾದರೂ ಗಂಟಲು ಮಾತ್ರ ಹರೆಯದ್ದು.

"ನಾಳೆ ಭಾನುವಾರ ಅಂಗಳದಲ್ಲಿ ಅಕ್ಕಿ ಆರಿಸೋದು. ಮಂಗಳವಾರ ಹುಳಿಯ ಸೋಂಕು ಹೋಗೋ ಹಾಗೆ ಪಾತ್ರೆ ಕುದಿಸೋದು, ಹೋದ ವರ್ಷದ ಹಾಗೆ ಪ್ಲಾಸ್ಟಿಕ್ ಬಟ್ಟಲು ತಂದು ಕೊಪ್ಪರಿಗೆಗೆ ಹಾಕಬೇಡಿ, ಯಾರು ಅಂತ ಹೇಳಲ್ಲ. ಬುಧವಾರ ತಾಷ್ಕೆಂಟಿನಿಂದ ಹಬ್ಬದ ರೊಟ್ಟಿ ಪೆಟ್ಟಿಗೆ ಬರುತ್ತೆ, ಗಂಡಸರು ಇಳಿಸೋಕೆ ಬನ್ನಿ. ಶುಕ್ರವಾರ ರಾತ್ರಿ ಎಲ್ಲರ ಊಟ ಇಲ್ಲೇ, ನಲವತ್ತೆರಡು ಜನ. ಬಖ್ಮಲ್, ಅಕ್ಕಿ ಎಂಟು ಕಿಲೊ ಸಾಕಾ?"

"ನೀನು ಎರಡು ಸಲ ಬಡಿಸ್ಕೊಳ್ದೆ ಇದ್ರೆ ಸಾಕು ಅವಡ್ಯಣ್ಣ."

ಭಾನುವಾರ ಬೆಳಿಗ್ಗೆ ನಾವು ಹನ್ನೊಂದು ಹೆಂಗಸರು ಮಂದಿರದ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಸೇರಿದೆವು. ಆ ದಿನ ಬೆಳಿಗ್ಗೆ ಯಾರೂ ಹುಳಿ ರೊಟ್ಟಿ ಮುಟ್ಟುವಂತಿಲ್ಲ. ಬಾಗಿಲಲ್ಲೇ ಜೇಬು ಮಗುಚಿ ತೋರಿಸಬೇಕು, ತಲೆವಸ್ತ್ರ ಕೊಡವಬೇಕು, ಕೈಯನ್ನು ಉಗುರುಸಂದಿಯವರೆಗೆ ತಿಕ್ಕಬೇಕು. ಬಾಗಿಲು ಕಾಯುವವಳು ಅವಡ್ಯಣ್ಣನ ಸೊಸೆ ನೆಹೊಮೊ. ಮೂವತ್ತೈದರ ಹೆಂಗಸು, ಕೈಯಷ್ಟೇ ಬಾಯಿಯೂ ಚುರುಕು.

"ಬುಲೋರತ್ತೆ, ಜೇಬು," ಎಂದಳು ನನಗೆ.

"ನನ್ನ ಜೇಬಲ್ಲಿ ಮಾತ್ರೆ ಬಿಟ್ಟರೆ ಇನ್ನೇನಿದೆಯೆ?"

"ಹೋದ ವರ್ಷ ಬಿಸ್ಕತ್ತು ಸಿಕ್ಕಿತ್ತಲ್ಲ. ಮಗುಚಿ, ಮಗುಚಿ."

ಮೊದಲ ಸಲ ನಾನೂ ಇನ್ನಿಬ್ಬರೂ ಆರಿಸಿದೆವು. ಎರಡನೆಯ ಸಲ ನೆಹೊಮೊಳ ತಂಡ ಆರಿಸಿತು. ಎರಡೂ ಸೇರಿ ಹನ್ನೆರಡು ಗೋಧಿಕಾಳು, ಒಂದಿಷ್ಟು ಕಲ್ಲು, ಒಂದು ಸತ್ತ ಇರುವೆ ಸಿಕ್ಕವು. ಆಮೇಲೆ ಬಖ್ಮಲಕ್ಕ ಬಟ್ಟೆಯ ತಲೆದೆಸೆಯಲ್ಲಿ ಕುಳಿತಳು. ನಾನು ಎಂದಿನಂತೆ ಅವಳ ಎಡಕ್ಕೆ ಕುಳಿತೆ, ಆರಿಸಿದ್ದನ್ನು ಚೀಲಕ್ಕೆ ತುಂಬಲು.

ಪ್ರತಿ ವರ್ಷ ಅವಳು ಕೂರುವ ಮುಂಚೆ ಕೆಂಪು ದಾರವನ್ನು ಎಲ್ಲರೆದುರು ಸೂಜಿಗೆ ಪೋಣಿಸುತ್ತಾಳೆ. ಅದೊಂದು ಜಂಬ. ಈ ಸಲ ಪೋಣಿಸಿದ ಸೂಜಿಯನ್ನು ತಲೆವಸ್ತ್ರಕ್ಕೆ ಚುಚ್ಚಿಕೊಂಡೇ ಬಂದಿದ್ದಳು. ನಾನು ನೋಡಿದೆ. ಮತ್ತೂ ನೋಡಿದೆ: ಅವಳ ಮುಖ ಅಕ್ಕಿಯ ಕಡೆಗಿತ್ತು, ಎಡಗಣ್ಣಿನಲ್ಲಿ ಹಾಲಿನ ಕೆನೆಯಂಥ ಪೊರೆ ಇತ್ತು, ಬಲಗಣ್ಣು ಬೆಳಕಿಗೆ ಕಿರಿದಾಗಿ ನೀರು ತುಂಬಿಕೊಳ್ಳುತ್ತಿತ್ತು. ಬೆರಳು ಮಾತ್ರ ಎಂದಿನ ಓಟದಲ್ಲಿ ಓಡುತ್ತಿದ್ದವು, ಕಣ್ಣು ಕಾಣುವವರ ಬೆರಳಿನ ಹಾಗೆ. ಆಗಲೇ ಹೇಳಬೇಕಿತ್ತು. ನಲವತ್ತು ವರ್ಷ ಒಂದೇ ಬಟ್ಟೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ನಾವು. ನಾನು ಚೀಲದ ಬಾಯಿ ಹಿಡಿದು ತುಂಬುತ್ತಾ ಹೋದೆ.

ಮಧ್ಯಾಹ್ನಕ್ಕೆ ಚೀಲ ತುಂಬಿತು. ಅವಳು ಕೆಂಪು ಹೊಲಿಗೆ ಹಾಕಿ, "ಶುದ್ಧ" ಎಂದಳು. ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡರು. ಬಟ್ಟೆ ಕೊಡವಲೆಂದು ನೆಹೊಮೊ ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತುಬಿಟ್ಟಳು. ಬಖ್ಮಲಕ್ಕ ಕೂತಿದ್ದ ಜಾಗದಲ್ಲಿ, ಬಟ್ಟೆಯ ಮಡಿಕೆಯಲ್ಲಿ, ಒಂದು ಗೋಧಿಕಾಳು ಬಿದ್ದಿತ್ತು. ಸಣ್ಣದು, ಬಿಳಿಚಿಕೊಂಡದ್ದು. ಮೊದಲೆರಡು ತಂಡದ ಕಣ್ಣಿಗೂ ಅದು ತಪ್ಪಿಸಿಕೊಂಡಿತ್ತು ನಿಜ. ಆದರೆ ತಪ್ಪಿಸಿಕೊಂಡದ್ದನ್ನು ಹಿಡಿಯುವುದಕ್ಕೇ ಅಲ್ಲವೆ ಮೂರನೆಯ ಕಣ್ಣಿರುವುದು?

ಬಾಯಿಬಡುಕಿ ನೆಹೊಮೊ ಏನೂ ಅನ್ನಲಿಲ್ಲ. ಕಾಳನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಹತ್ತಿರವಿದ್ದ ಮೂರು ನಾಲ್ಕು ಜನ ಕಂಡರು. ಅವರೂ ತೆಪ್ಪಗಾದರು.

"ಯಾಕ್ರೇ, ಎಲ್ಲರಿಗೂ ಒಟ್ಟಿಗೆ ಗಂಟಲು ಕಟ್ತಾ?" ಎಂದಳು ಬಖ್ಮಲಕ್ಕ. "ಸತ್ತ ಮನೇಲೂ ನೀವು ಇಷ್ಟು ಸುಮ್ನಿರಲ್ಲ. ನೆಹೊಮೊ, ಏನು ಸಿಕ್ತು?"

"ಕಲ್ಲು, ಅಕ್ಕ."

"ಕೊಡಿಲ್ಲಿ."

"ಬಿಸಾಕಿಬಿಟ್ಟೆ."

"ನಿನ್ನ ಬಳೆ ಸದ್ದೇ ಆಗಲಿಲ್ಲ. ಬಿಸಾಕಿದ್ರೆ ಆಗ್ತಿತ್ತು. ಕೊಡು."

ನೆಹೊಮೊ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಕಾಳನ್ನು ಬಖ್ಮಲಕ್ಕನ ಅಂಗೈಯಲ್ಲಿಟ್ಟಳು. ಬಖ್ಮಲಕ್ಕ ಅದನ್ನು ಬಲಗಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಬೆಳಕಿಗೆ ತಿರುಗಿಸಿದಳು. ಕಣ್ಣಿಗೆ ಏನೂ ತಿಳಿಯಲಿಲ್ಲವೆಂದು ನಮಗೆಲ್ಲ ತಿಳಿಯಿತು. ಅಷ್ಟರಲ್ಲಿ ಹೆಬ್ಬೆರಳು ತಾನಾಗಿ ಕಾಳನ್ನು ಮಗುಚಿ ಒಮ್ಮೆ ಸವರಿತು. ಅವಳ ಮುಖ ಬಿಗಿಯಿತು.

"ಗೋಧಿ," ಎಂದಳು.

ಯಾರನ್ನೂ ಕೇಳದೆ ಚೀಲವನ್ನು ತೊಡೆಯ ಮೇಲೆಳೆದುಕೊಂಡು, ತಾನೇ ಹಾಕಿದ ಕೆಂಪು ಹೊಲಿಗೆಯನ್ನು ಹಲ್ಲಿನಿಂದ ಕಿತ್ತಳು.

ಸದ್ದಿಲ್ಲದ್ದನ್ನು ಕಂಡು ಅವಡ್ಯಣ್ಣ ಒಳಗಿನಿಂದ ಬಂದ. ವಿಷಯ ಕೇಳಿ ಗಡ್ಡ ಕೆರೆದುಕೊಂಡ. "ನೋಡು ಬಖ್ಮಲ್, ಕಾಳಿದ್ದದ್ದು ಬಟ್ಟೆ ಮೇಲೆ, ಚೀಲದೊಳಗಲ್ಲ. ನೀನೇ ಆರಿಸಿ ಆಚೆ ಹಾಕಿದ್ದಿರಬಹುದು. ಅಕ್ಕಿಗೆ ದೋಷ ಇಲ್ಲ ಅಂತ ನಾನು ಹೇಳ್ತೀನಿ."

"ನಾನು ಆಚೆ ಹಾಕೋದು ತಟ್ಟೆಗೆ, ಅವಡ್ಯಣ್ಣ. ತಟ್ಟೇಲಿ ಇಲ್ಲ ಅಂದ್ರೆ ನನ್ನ ಕಣ್ಣು ದಾಟಿದ್ದೇ. ಒಂದು ದಾಟಿದ ದಾರೀಲಿ ಇನ್ನೊಂದು ದಾಟಿರಲ್ವ? ನನಗೆ ಕಣ್ಣು ಕಾಣಲ್ಲ. ಹೋದ ಚಳಿಗಾಲದಿಂದ ಕಾಣಲ್ಲ. ಜಂಬಕ್ಕೆ ಬಂದು ಕೂತೆ. ಸೂಜೀನೂ ಪಕ್ಕದ ಮನೆ ಹುಡುಗಿ ಕೈಲಿ ಪೋಣಿಸ್ಕೊಂಡು ಬಂದೆ. ಸಾಕಾ?"

ಹಿಂದಿನಿಂದ ಯಾರೋ, ಮೂರನೆಯದನ್ನು ನೆಹೊಮೊಳಿಗೆ ಕೊಡೋಣ ಎಂದರು. "ಎರಡನೇದು ನಾನೇ ಮಾಡಿದ್ದು, ಅದೇ ಕಣ್ಣು ಮತ್ತೆ ಆಗಲ್ಲ" ಎಂದಳು ನೆಹೊಮೊ. ಹೊಸ ಅಕ್ಕಿ ತಂದರೆ ಮತ್ತೆ ಮೂರು ಸಲ ಆರಿಸಬೇಕು, ಎಲ್ಲರ ಮನೆಯಲ್ಲೂ ಸುಣ್ಣಬಣ್ಣ, ಗುಡಿಸಿ ಸಾರಿಸುವುದು ಬಾಕಿ. ಅನ್ನವಿಲ್ಲದ ಪೆಸಾಖ್ ಊಟ ನಮ್ಮ ಕೇರಿಯಲ್ಲಿ ಬೀಗ ಜಡಿದ ಕಾಲದಲ್ಲೂ ಆಗಿದ್ದಿಲ್ಲ.

"ಈ ಅಕ್ಕೀನ ನಾನೇ ಮತ್ತೆ ಆರಿಸ್ತೀನಿ," ಎಂದಳು ಬಖ್ಮಲಕ್ಕ. "ಕಣ್ಣಲ್ಲಿ ಅಲ್ಲ. ನಮ್ಮಜ್ಜಿ ಕತ್ತಲಲ್ಲಿ ಹೇಗೆ ಆರಿಸಿದ್ಲು ಅಂತ ಕೇಳ್ತಿದ್ರಲ್ಲ? ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು, ಈ ಹೆಬ್ಬೆರಳು ಹಿಡಿದು ಗೋಧಿ ಹೊಟ್ಟೆ ಮೇಲೆ ಎಳೆದಿದ್ಲು. ಗೋಧಿ ಹೊಟ್ಟೇಲಿ ಉದ್ದಕ್ಕೆ ಒಂದು ಗೀರಿರುತ್ತೆ. ಅಕ್ಕೀಲಿ ಇರಲ್ಲ. ಎಷ್ಟು ಸಣ್ಣದಾಗಲಿ, ಎಷ್ಟು ಬೆಳ್ಳಗಿರಲಿ, ಗೀರು ಇದ್ದೇ ಇರುತ್ತೆ. ಕಣ್ಣಿದೆ ಅನ್ನೋ ಸೊಕ್ಕಲ್ಲಿ ನಾನು ಆ ಬೆರಳನ್ನ ಮರೆತಿದ್ದೆ."

"ಎಂಟು ಕಿಲೊ ಬಖ್ಮಲ್! ಒಂದೊಂದು ಕಾಳು ಸವರಿ ಎಂದಿಗೆ ಮುಗಿಸ್ತೀಯ?"

"ಯಾವತ್ತಿಗೆ ಬೇಕು?"

"ಗುರುವಾರ ಮಧ್ಯಾಹ್ನ. ಅಷ್ಟರೊಳಗೆ ಆಗದಿದ್ರೆ ಅಡಿಗೆಯವರಿಗೆ ಆಲೂಗಡ್ಡೆ ತರಿಸ್ತೀನಿ, ಕೋಪ ಮಾಡ್ಕೋಬೇಡ."

"ಆಲೂಗಡ್ಡೆಯವನಿಗೆ ಹೇಳಿಡು, ಬರಬೇಡ ಅಂತ."

ಸೋಮವಾರ ಬೆಳಿಗ್ಗೆ ಅವಳು ಅದೇ ಮರದ ಕೆಳಗೆ ಕುಳಿತಳು. ಕಣ್ಣಿಗೆ ಒಂದು ಕರಿಯ ಬಟ್ಟೆ ಕಟ್ಟಿಕೊಂಡಿದ್ದಳು. ಕಟ್ಟದಿದ್ದರೆ ಕಣ್ಣು ನಡುವೆ ಬಾಯಿ ಹಾಕುತ್ತದಂತೆ. ಎಡಗೈಯಲ್ಲಿ ಚಿಟಿಕೆ ಅಕ್ಕಿ ತೆಗೆಯುವುದು, ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹತ್ತು ಹತ್ತು ಕಾಳನ್ನು ಉರುಳಿಸುವುದು, ಚೀಲಕ್ಕೆ ಬಿಡುವುದು. ಮೊದಲು ನೋಡಲು ನಿಧಾನ. ಅರ್ಧ ತಾಸಿನಲ್ಲಿ ಆ ಬೆರಳಿಗೆ ಕಾರ್ಖಾನೆಯ ನೆನಪು ಮರಳಿತು. ಜರಿಯಲ್ಲಿ ಒಂದೆಳೆಯೋ ಎರಡೆಳೆಯೋ ಎಂದು ಬೆರಳಲ್ಲೇ ಹೇಳುತ್ತಿದ್ದ ಕೈಯಲ್ಲವೆ ಅದು?

ಸೋಮವಾರ ಏನೂ ಸಿಗಲಿಲ್ಲ. "ಸುಮ್ನೆ ಬೆರಳು ಸವೆಸ್ತಿದೀಯ" ಎಂದೆ ನಾನು. ಮಂಗಳವಾರ, ಆ ಕಡೆ ಒಲೆಯ ಮೇಲೆ ಪಾತ್ರೆಗಳು ಗಡಗಡ ಕುದಿಯುತ್ತಿದ್ದಾಗ, ಈ ಕಡೆ ಅವಳ ಕೈ ತಟ್ಟನೆ ನಿಂತಿತು. ಅರ್ಧ ಮುರಿದ ಗೋಧಿ. ತಟ್ಟೆಯಲ್ಲಿಟ್ಟು ಮುಂದುವರಿದಳು. ಬುಧವಾರ ಮತ್ತೊಂದು. ಅದನ್ನು ನನ್ನ ಅಂಗೈಗೆ ಹಾಕಿ, "ಹೇಳೆ ಬುಲೋರ್, ಕಣ್ಣಿನವಳೆ, ಇದೇನು?" ಎಂದಳು. ಹೊಟ್ಟು ಹೋಗಿ, ಸೊರಗಿ, ಉದ್ದಕ್ಕೆ ಬೆಳ್ಳಗಿದ್ದ ಕಾಳು. "ಅಕ್ಕಿ" ಎಂದೆ. "ಮಗುಚಿ ಸವರು" ಎಂದಳು. ಸವರಿದೆ. ಗೀರಿತ್ತು. ಮೂರೂ ಸಲದ ಕಣ್ಣುಗಳ ಮುಂದೆ ಅಕ್ಕಿಯ ವೇಷ ಹಾಕಿಕೊಂಡು ಹಾಯಾಗಿ ದಾಟಿಹೋಗಿದ್ದ ಗೋಧಿ ಅದು. ನನ್ನ ಎರಡೂ ಕಣ್ಣು ಚೆನ್ನಾಗಿದ್ದು ಏನು ಮಾಡಿದಂತಾಯಿತು?

ಆ ಮಾತು ಕೇರಿಯಲ್ಲಿ ಹಬ್ಬಿತು. ಗುರುವಾರ ಬೆಳಗಾಗುವುದರೊಳಗೆ ಹೆಂಗಸರೆಲ್ಲ ಅರ್ಧ ಸಾರಿಸಿದ ನೆಲ ಬಿಟ್ಟು ಅಂಗಳಕ್ಕೆ ಬಂದು ಕೂತರು. ತಾಷ್ಕೆಂಟಿನ ರೊಟ್ಟಿಯ ಪೆಟ್ಟಿಗೆ ಜೋಡಿಸುತ್ತಿದ್ದ ಗಂಡಸರೂ ಗೋಡೆಗೆ ಒರಗಿದರು. ಒಬ್ಬರು ಬಿಸಿನೀರು ತಂದು ಅವಳ ಬೆರಳು ಅದ್ದಿಸಿದರು, ಒಬ್ಬರು ಬೆನ್ನಿಗೆ ದಿಂಬು ಕೊಟ್ಟರು. ಇಷ್ಟಕ್ಕೆ ಒಪ್ಪಿದಳು. ಅಕ್ಕಿಯ ಹತ್ತಿರ ಕೈ ತಂದವರಿಗೆಲ್ಲ ಹೊಡೆತ ಬಿತ್ತು.

"ನನಗೂ ಹೆಬ್ಬೆರಳಿದೆ ಅಕ್ಕ," ಎಂದಳು ನೆಹೊಮೊ.

"ಅದು ಫೋನು ಉಜ್ಜಿ ಉಜ್ಜಿ ಸವೆದಿದೆ. ಮುಂದಿನ ವರ್ಷದೊಳಗೆ ಚರ್ಮ ಬೆಳೆಸ್ಕೊ, ಆಮೇಲೆ ನೋಡೋಣ."

ಹನ್ನೆರಡಾಗಲು ಕಾಲು ಗಂಟೆ ಇದ್ದಾಗ ಅವಡ್ಯಣ್ಣ ಬಂದು ನಿಂತ. ಬಟ್ಟೆಯ ಮೇಲೆ ಇನ್ನೂ ಎರಡು ಹಿಡಿ ಅಕ್ಕಿ ಇತ್ತು. ಅವನು ಗಡಿಯಾರ ನೋಡಿದ, ಅಕ್ಕಿ ನೋಡಿದ. ಆ ಗಡಿಯಾರ ನೆಕಾದಮ್ ರಿಪೇರಿ ಮಾಡಿಕೊಟ್ಟಿದ್ದು.

"ಎಷ್ಟು ಗಂಟೆ ಅವಡ್ಯಣ್ಣ?"

ಅವಡ್ಯಣ್ಣ ಗಡಿಯಾರವನ್ನು ಕಿವಿಗಿಟ್ಟುಕೊಂಡು, "ನಿನ್ನ ಗಂಡ ಮಾಡಿದ ರಿಪೇರಿ ಇದು, ಇವತ್ತು ನಿಂತುಹೋಗಿದೆ ಕಣಮ್ಮ," ಎಂದ. ಪಕ್ಕದಲ್ಲಿದ್ದ ನನಗೆ ಅದರ ಟಿಕ್ ಟಿಕ್ ಚೆನ್ನಾಗಿ ಕೇಳುತ್ತಿತ್ತು.

"ಸುಳ್ಳು. ಅವನು ಮುಟ್ಟಿದ್ದು ಯಾವತ್ತೂ ನಿಲ್ಲಲ್ಲ. ಆಲೂಗಡ್ಡೆಯವನು ಬಂದಿದಾನಾ?"

"ಅವನಿಗೆ ಭಾನುವಾರವೇ ಬೇಡ ಅಂದಿದ್ದೆ."

ಬಖ್ಮಲಕ್ಕನ ಬೆರಳು ಒಂದು ಕ್ಷಣ ನಿಂತು ಮತ್ತೆ ಓಡಿತು. ಕೊನೆಯ ಚಿಟಿಕೆ ಚೀಲಕ್ಕೆ ಬಿದ್ದಾಗ ಮಧ್ಯಾಹ್ನ ದಾಟಿತ್ತೋ ಇಲ್ಲವೋ, ಯಾರೂ ನೋಡಲಿಲ್ಲ. ಅಡಿಗೆಯವರು ಆಗಲೇ ಕೊತ್ತಂಬರಿಯನ್ನು ರಾಶಿ ಹಾಕಿ ಸೋಸತೊಡಗಿದ್ದರು, ನಾಳೆಯ ಹಸಿರು ಅನ್ನಕ್ಕೆ. ಅಂಗಳವೆಲ್ಲ ಅದರ ಘಮ.

ಅವಳು ಕಣ್ಣಿನ ಬಟ್ಟೆ ಬಿಚ್ಚಿ, ತಲೆವಸ್ತ್ರದಿಂದ ಸೂಜಿ ತೆಗೆದಳು. ಈ ಸಲ ಅದರಲ್ಲಿ ದಾರವಿರಲಿಲ್ಲ. ಜೇಬಿನಿಂದ ಕೆಂಪು ದಾರದ ಉಂಡೆ ತೆಗೆದು, ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ತೂತನ್ನು ಹೆಬ್ಬೆರಳಲ್ಲಿ ಹುಡುಕತೊಡಗಿದಳು. ಒಮ್ಮೆ ತಪ್ಪಿತು. ಎರಡನೆಯ ಸಲವೂ ತಪ್ಪಿತು. ನಲವತ್ತು ಜನ ನೋಡುತ್ತಿದ್ದರು. ಮೂರನೆಯ ಸಲ ತಪ್ಪಿದಾಗ ತಡೆಯಲಾರದೆ ನಾನೂ ನೆಹೊಮೊವೂ ಒಟ್ಟಿಗೆ ಕೈ ಚಾಚಿದೆವು.

"ಬೇಡ, ಬೇಡ, ತೆಗೀರಿ ಕೈ," ಎಂದಳು ಬಖ್ಮಲಕ್ಕ. "ಕಣ್ಣು ಕಾಣಲ್ಲ ಅಂತ ಊರಿಗೆಲ್ಲ ಹೇಳಿ ಆಯ್ತಲ್ಲ, ಇನ್ನು ನಾಚಿಕೆ ಯಾರಿಗೆ? ಹತ್ತು ಸಲ ತಪ್ಪಲಿ, ಹನ್ನೊಂದನೇ ಸಲ ಹೋಗುತ್ತೆ. ಹಬ್ಬ ನಾಳೆ ಸಂಜೆಗೆ ತಾನೆ? ಹೋಗಿ ನಿಮ್ಮ ನಿಮ್ಮ ಮನೆ ಸಾರಿಸ್ಕೊಳ್ಳಿ, ಇದನ್ನ ನಾನೇ ಪೋಣಿಸ್ತೀನಿ."